64 ಬಿಟ್ ಪ್ರೊಸೆಸರ್, 32 ಬಿಟ್ ಯುಇಎಫ್‌ಐ: ಹಳೆಯ ಬೇ ಟ್ರೇಲ್ ಟ್ಯಾಬ್ಲೆಟ್‌ಗೆ ಲಿನಕ್ಸ್ ಹಾಕುವುದು ಹೇಗೆ?

ಪ್ರಶ್ನೆ

ಕೀಬೋರ್ಡನ್ನು ಕಳಚಿಡಬಹುದಾದ 10.1 ಇಂಚಿನ ಒಂದು ಟ್ಯಾಬ್ಲೆಟನ್ನು 2015ರಲ್ಲಿ ಕೊಂಡಿದ್ದೆ. ಅದರೊಳಗೆ ಬೇ ಟ್ರೇಲ್ ಎಂಬ ಪೀಳಿಗೆಯ ಇಂಟೆಲ್ ಆಟಂ ಝಡ್3735ಎಫ್ ಪ್ರೊಸೆಸರ್, 2 ಜಿಬಿ ರ‍್ಯಾಮ್ ಮತ್ತು 32 ಜಿಬಿ ಇಎಂಎಂಸಿ (ಬೋರ್ಡಿಗೇ ಅಂಟಿಸಿದ ಸಂಗ್ರಹ ಚಿಪ್) ಇವೆ. ಬಂದಾಗ ಇದ್ದದ್ದು ವಿಂಡೋಸ್ 8.1, ಮುಂದೆ ಅದನ್ನು ವಿಂಡೋಸ್ 10ಕ್ಕೆ ಏರಿಸಿದೆ. ಕಳೆದ ಕೆಲವು ವರ್ಷಗಳಿಂದ ಅಪ್‌ಡೇಟ್ ಇಳಿಸಿಕೊಳ್ಳಲೂ ಅದರಲ್ಲಿ ಜಾಗ ಸಾಲುತ್ತಿಲ್ಲ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ನನ್ನ ತಾಯಿ ಪ್ರತಿದಿನ ಬೆಳಿಗ್ಗೆ ಪತ್ರಿಕೆ ಓದುವುದು, ತಮ್ಮ ನೆನಪುಗಳನ್ನು ಕನ್ನಡದಲ್ಲಿ ಟೈಪ್ ಮಾಡುವುದು ಇದರಲ್ಲೇ. ಪರದೆ, ಬ್ಯಾಟರಿ, ಕೀಬೋರ್ಡ್ ಎಲ್ಲವೂ ಸರಿಯಾಗಿರುವ ಯಂತ್ರವನ್ನು ಮೂಲೆಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ಒಂದು 64 ಬಿಟ್ ಲಿನಕ್ಸ್ ಐಎಸ್‌ಒವನ್ನು (ಇನ್‌ಸ್ಟಾಲ್ ಮಾಡುವ ಡಿಸ್ಕಿನ ಪ್ರತಿರೂಪದ ಕಡತವನ್ನು) ಪೆನ್‌ಡ್ರೈವ್‌ಗೆ ಬರೆದು ಪ್ರಯತ್ನಿಸಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ಪೆನ್‌ಡ್ರೈವ್ ಸಲೀಸಾಗಿ ಬೂಟ್ ಆಗುತ್ತದೆ. ಟ್ಯಾಬ್ಲೆಟ್‌ನಲ್ಲಿ ಮಾತ್ರ ಬೂಟ್ ಮೆನು ತೆರೆದರೆ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಒಂದೇ ಸಾಲು ಕಾಣುತ್ತದೆ, ಪೆನ್‌ಡ್ರೈವ್‌ನ ಹೆಸರೇ ಬರುವುದಿಲ್ಲ. ಸೆಕ್ಯೂರ್ ಬೂಟ್ ಮತ್ತು ಫಾಸ್ಟ್ ಬೂಟ್ ಎರಡನ್ನೂ ನಿಷ್ಕ್ರಿಯಗೊಳಿಸಿದ್ದೇನೆ, ಮೂರು ಬೇರೆ ಬೇರೆ ಪೆನ್‌ಡ್ರೈವ್‌ಗಳನ್ನು ಬಳಸಿದ್ದೇನೆ. 32 ಬಿಟ್‌ನ ಹಳೆಯ ಐಎಸ್‌ಒ ಒಂದನ್ನು ಹುಡುಕಿ ಹಾಕಿದರೂ ಅದೇ ಕತೆ. ಹಳೆಯ ಬಯೋಸ್ ರೀತಿಯಲ್ಲಿ ಬೂಟ್ ಮಾಡುವ ಲೆಗಸಿ ಬೂಟ್ ಎಂಬ ಆಯ್ಕೆ ಸೆಟಪ್‌ನಲ್ಲಿ ಎಲ್ಲಿಯೂ ಇಲ್ಲ. ವಿಂಡೋಸ್‌ನ ಮಾಹಿತಿ ಪುಟವು ‘32 ಬಿಟ್ ಆಪರೇಟಿಂಗ್ ಸಿಸ್ಟಂ, ಎಕ್ಸ್64 ಆಧಾರಿತ ಪ್ರೊಸೆಸರ್’ ಎನ್ನುತ್ತದೆ. ರಿಪೇರಿ ಮಾಡುವವರೊಬ್ಬರು ‘ಇದರಲ್ಲಿ ವಿಂಡೋಸ್ ಬಿಟ್ಟು ಬೇರೇನೂ ನಡೆಯುವುದಿಲ್ಲ’ ಎಂದುಬಿಟ್ಟರು. ಅದು ನಿಜವೇ?

ಮೊದಲ ಉತ್ತರ

ನಿಜವಲ್ಲ. ನೀವು ಕೊನೆಯಲ್ಲಿ ಬರೆದ ಆ ಮಾಹಿತಿ ಪುಟದ ಸಾಲಿನಲ್ಲಿಯೇ ಕಾರಣವಿದೆ. ಝಡ್3735ಎಫ್ 64 ಬಿಟ್ ಪ್ರೊಸೆಸರ್ ಹೌದು, ಆದರೆ ಯಂತ್ರ ಆನ್ ಆದಾಗ ಅದನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಯುಇಎಫ್‌ಐ ಎಂಬ ಫರ್ಮ್‌ವೇರ್ ತಂತ್ರಾಂಶ 32 ಬಿಟ್‌ನದು. ಬೇ ಟ್ರೇಲ್ ಟ್ಯಾಬ್ಲೆಟ್‌ಗಳು ಮಾರುಕಟ್ಟೆಗೆ ಬಂದ ಕಾಲದಲ್ಲಿ, ಪರದೆ ಆರಿದಾಗಲೂ ನೆಟ್‌ವರ್ಕ್ ಸಂಪರ್ಕ ಉಳಿಸಿಕೊಳ್ಳುವ ಕನೆಕ್ಟೆಡ್ ಸ್ಟ್ಯಾಂಡ್‌ಬೈ ಸೌಲಭ್ಯವು ಅವುಗಳಲ್ಲಿ 32 ಬಿಟ್ ವಿಂಡೋಸ್‌ಗೆ ಮಾತ್ರ ದೊರೆಯುತ್ತಿತ್ತು. ಫರ್ಮ್‌ವೇರ್ ಎಷ್ಟು ಬಿಟ್‌ನದೋ ವಿಂಡೋಸ್ ಕೂಡ ಅಷ್ಟೇ ಬಿಟ್‌ನದಾಗಿರಬೇಕು ಎಂಬ ನಿಯಮವೂ ಇದ್ದುದರಿಂದ ತಯಾರಕರು 32 ಬಿಟ್ ಫರ್ಮ್‌ವೇರನ್ನೇ ಹಾಕಿ ಕಳುಹಿಸಿದರು. ಸಂಗ್ರಹ ಕಡಿಮೆಯಿದ್ದ ಈ ಯಂತ್ರಗಳಿಗೆ ಚಿಕ್ಕದಾದ 32 ಬಿಟ್ ವಿಂಡೋಸ್ ಅನುಕೂಲವೂ ಆಗಿತ್ತು.

ಯುಇಎಫ್‌ಐ ಒಂದು ಪೆನ್‌ಡ್ರೈವನ್ನು ನೋಡಿದಾಗ ಅದರ ‘ಇಎಫ್‌ಐ’ ಕೋಶದೊಳಗಿನ ‘ಬೂಟ್’ ಎಂಬ ಉಪಕೋಶದಲ್ಲಿ ಗೊತ್ತಾದ ಹೆಸರಿನ ಒಂದು ಕಡತವನ್ನು ಹುಡುಕುತ್ತದೆ. 64 ಬಿಟ್ ಫರ್ಮ್‌ವೇರ್ ಹುಡುಕುವುದು ‘ಬೂಟ್‌ಎಕ್ಸ್64.ಇಎಫ್‌ಐ’, 32 ಬಿಟ್‌ನದು ಹುಡುಕುವುದು ‘ಬೂಟ್‌ಐಎ32.ಇಎಫ್‌ಐ’. ನಿಮ್ಮ ಮೊದಲ ಐಎಸ್‌ಒದಲ್ಲಿ ಮೊದಲನೆಯದು ಮಾತ್ರ ಇದ್ದಿರಬೇಕು. ಎರಡನೆಯ ಐಎಸ್‌ಒ 32 ಬಿಟ್‌ನದಾದರೂ ಹಳೆಯ ಬಯೋಸ್‌ಗಾಗಿ ಮಾಡಿದ್ದು. ಅಂಥ ಹಲವು ಐಎಸ್‌ಒಗಳಲ್ಲಿ ಯುಇಎಫ್‌ಐ ಕಡತವೇ ಇರುವುದಿಲ್ಲ. ತನಗೆ ಬೇಕಾದ ಕಡತ ಸಿಗದಿದ್ದರೆ ಫರ್ಮ್‌ವೇರ್ ದೋಷವನ್ನೇನೂ ತೋರಿಸದೆ ಆ ಪೆನ್‌ಡ್ರೈವನ್ನು ಪಟ್ಟಿಯಿಂದಲೇ ಬಿಟ್ಟುಬಿಡುತ್ತದೆ.

ಆದ್ದರಿಂದ ಪೆನ್‌ಡ್ರೈವನ್ನು ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಮಾಡಿ, ಐಎಸ್‌ಒದ ಕಡತಗಳನ್ನೆಲ್ಲ ಅದಕ್ಕೆ ನಕಲಿಸಿ, ಅಂತರ್ಜಾಲದಲ್ಲಿ ಸಿಗುವ ಬೂಟ್‌ಐಎ32 ಕಡತವನ್ನು ಅದೇ ಉಪಕೋಶಕ್ಕೆ ಸೇರಿಸಿದರೆ ಬೂಟ್ ಆಗುತ್ತದೆ. ನಾನು ಹೀಗೆಯೇ ಮಾಡಿದ್ದೇನೆ.

ಎರಡನೆಯ ಉತ್ತರ

ಮೇಲಿನವರು ಕಾರಣವನ್ನು ಸರಿಯಾಗಿ ಹೇಳಿದ್ದಾರೆ, ಆದರೆ ಕೊನೆಯಲ್ಲಿ ಸೂಚಿಸಿದ ದಾರಿಯನ್ನು ಹಿಡಿಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಯಾರು ಕಂಪೈಲ್ ಮಾಡಿದರೆಂದು ತಿಳಿಯದ ಬೂಟ್‌ಲೋಡರನ್ನು (ಆಪರೇಟಿಂಗ್ ಸಿಸ್ಟಂ ಆರಂಭಿಸುವ ತಂತ್ರಾಂಶವನ್ನು) ತಾಯಿಯವರು ದಿನವೂ ಬಳಸುವ ಯಂತ್ರಕ್ಕೆ ಹಾಕುವುದು ಒಳ್ಳೆಯದಲ್ಲ. ಇನ್ನೊಂದು ತೊಡಕೂ ಇದೆ. ಆ ಕಡತದಿಂದ ಇನ್‌ಸ್ಟಾಲರ್ ಆರಂಭವಾಗುತ್ತದೆ, ಆದರೆ ಕೊನೆಯಲ್ಲಿ ಅದು ತನಗೆ ತಿಳಿದಿರುವ 64 ಬಿಟ್ ಗ್ರಬ್ಬನ್ನೇ (ಲಿನಕ್ಸ್‌ನ ಬೂಟ್‌ಲೋಡರನ್ನೇ) ಡಿಸ್ಕಿಗೆ ಬರೆದರೆ, ಪೆನ್‌ಡ್ರೈವ್ ತೆಗೆದು ರೀಬೂಟ್ ಮಾಡಿದ ಕೂಡಲೇ ನೀವು ಮತ್ತೆ ಹೊರಟಲ್ಲಿಗೇ ಬಂದು ನಿಲ್ಲುತ್ತೀರಿ.

ಇದನ್ನೆಲ್ಲ ಡೆಬಿಯನ್ ಎಂಬ ಲಿನಕ್ಸ್ ವಿತರಣೆ ತಾನಾಗಿಯೇ ನಿಭಾಯಿಸುತ್ತದೆ. 32 ಬಿಟ್ ಯುಇಎಫ್‌ಐ ಮೇಲೆ 64 ಬಿಟ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ನಡೆಸುವ ಮಿಶ್ರ ವ್ಯವಸ್ಥೆ ಲಿನಕ್ಸ್ ಕರ್ನಲ್‌ಗೆ ಬಂದದ್ದು 2014ರ 3.15ನೇ ಆವೃತ್ತಿಯಲ್ಲಿ. ಮರುವರ್ಷ ಬಿಡುಗಡೆಯಾದ ಡೆಬಿಯನ್ 8ರಲ್ಲಿ ಮಲ್ಟಿ-ಆರ್ಕ್ ಎಂಬ ಪ್ರತ್ಯೇಕ ಐಎಸ್‌ಒ ಮೂಲಕ ಇಂಥ ಯಂತ್ರಗಳಿಗೆ ಬೆಂಬಲ ದೊರೆಯಿತು. ಡೆಬಿಯನ್ 12ರಿಂದ ಈಚೆಗೆ ಮಾಮೂಲಿ ಎಎಂಡಿ64 (64 ಬಿಟ್ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ) ಐಎಸ್‌ಒದಲ್ಲಿಯೇ 32 ಬಿಟ್ ಯುಇಎಫ್‌ಐ ಬೂಟ್‌ಲೋಡರ್ ಇದೆ. ಲೈವ್ ಐಎಸ್‌ಒ ಬೇಡ, ನೆಟ್‌ಇನ್‌ಸ್ಟ್ ಎಂಬ ಚಿಕ್ಕ ಐಎಸ್‌ಒವನ್ನೇ ಇಳಿಸಿಕೊಳ್ಳಿ, ಕಡತ ಸರಿಯಾಗಿ ಇಳಿದಿದೆಯೇ ಎಂದು ಚೆಕ್‌ಸಮ್ ತಾಳೆ ನೋಡಿ, ಯಾವ ಬದಲಾವಣೆಯನ್ನೂ ಮಾಡದೆ ಇದ್ದಂತೆಯೇ ಪೆನ್‌ಡ್ರೈವ್‌ಗೆ ಬರೆಯಿರಿ.

ಇನ್‌ಸ್ಟಾಲರ್ ಫರ್ಮ್‌ವೇರ್ ಎಷ್ಟು ಬಿಟ್‌ನದೆಂದು ಕರ್ನಲ್‌ನಿಂದಲೇ ತಿಳಿದುಕೊಂಡು ‘ಗ್ರಬ್-ಇಎಫ್‌ಐ-ಐಎ32’ ಪ್ಯಾಕೇಜನ್ನು ಹಾಕುತ್ತದೆ. ನೀವೇ ನೋಡಬೇಕೆಂದಿದ್ದರೆ ‘ಸಿಸ್’ ಕೋಶದ ‘ಫರ್ಮ್‌ವೇರ್’ ಒಳಗಿನ ‘ಇಎಫ್‌ಐ’ಯಲ್ಲಿ ‘ಎಫ್‌ಡಬ್ಲ್ಯು_ಪ್ಲಾಟ್‌ಫಾರ್ಮ್_ಸೈಜ್’ ಎಂಬ ಕಡತವಿದೆ. ಅದರಲ್ಲಿರುವುದು ಒಂದೇ ಸಂಖ್ಯೆ, ನಿಮ್ಮ ಯಂತ್ರದಲ್ಲಿ ಅದು 32 ಎಂದಿರಬೇಕು. ಗ್ರಬ್ ಹಾಕುವ ಹಂತದಲ್ಲಿ ‘ರಿಮೂವಬಲ್ ಮೀಡಿಯಾ ಪಾತ್‌ಗೂ ಬರೆಯಲೇ’ ಎಂಬ ಪ್ರಶ್ನೆ ಬಂದರೆ ಹೌದು ಎನ್ನಿ. ಈ ಟ್ಯಾಬ್ಲೆಟ್‌ಗಳಲ್ಲಿ ಕೆಲವು ಹೊಸ ಬೂಟ್ ನಮೂದನ್ನು ನೆನಪಿಟ್ಟುಕೊಳ್ಳುವುದಿಲ್ಲ, ಆಗ ಈ ಎರಡನೆಯ ಪ್ರತಿಯೇ ಕೈಹಿಡಿಯುತ್ತದೆ.

ಡಿಸ್ಕ್ ಆರಿಸುವಾಗ ಎಚ್ಚರವಿರಲಿ. ಇಎಂಎಂಸಿಯ ಹೆಸರು ‘ಎಸ್‌ಡಿಎ’ ಎಂದಿರದೆ ‘ಎಂಎಂಸಿಬಿಎಲ್‌ಕೆ0’ ಅಥವಾ ‘ಎಂಎಂಸಿಬಿಎಲ್‌ಕೆ1’ ಎಂದಿರುತ್ತದೆ, ಎಸ್‌ಡಿ ಕಾರ್ಡ್ ಕೂಡ ಅದೇ ಬಗೆಯ ಹೆಸರು ಪಡೆಯುತ್ತದೆ. ಕಾರ್ಡನ್ನು ಮೊದಲೇ ಹೊರತೆಗೆದಿಡಿ. ಹೆಸರಿನ ಕೊನೆಯಲ್ಲಿ ‘ಬೂಟ್0’, ‘ಬೂಟ್1’ ಎಂದಿರುವ ಪುಟ್ಟ ಭಾಗಗಳು ಕಂಡರೆ ಅವನ್ನು ಮುಟ್ಟಬೇಡಿ.

ಮೂರನೆಯ ಉತ್ತರ

ವಿಂಡೋಸನ್ನು ಅಳಿಸುವ ಮೊದಲು ದಯವಿಟ್ಟು ಒಂದು ಕೆಲಸ ಮಾಡಿ. ಇಂಥ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಬಹಳಷ್ಟಕ್ಕೆ ಇರುವುದು ಸಿಲೀಡ್ ಕಂಪನಿಯ ಟಚ್ ಚಿಪ್. ಆ ಚಿಪ್ ತನ್ನ ಫರ್ಮ್‌ವೇರನ್ನು ತನ್ನೊಳಗೆ ಇಟ್ಟುಕೊಂಡಿರುವುದಿಲ್ಲ; ಪ್ರತಿ ಸಲ ಬೂಟ್ ಆದಾಗಲೂ ಡ್ರೈವರ್ ಅದನ್ನು ತುಂಬಬೇಕು. ಚಿಪ್ ಒಂದೇ ಆದರೂ ಗಾಜು ಬೇರೆಯಾದರೆ ಫರ್ಮ್‌ವೇರ್ ಬೇರೆ. ನಿಮ್ಮ ಮಾದರಿಗೆ ಹೊಂದುವ ಫರ್ಮ್‌ವೇರ್ ಖಚಿತವಾಗಿ ಇರುವ ಜಾಗ ಎಂದರೆ ಈಗ ನಡೆಯುತ್ತಿರುವ ನಿಮ್ಮ ವಿಂಡೋಸ್‌ನ ಡ್ರೈವರ್ ಕಡತಗಳೇ. ವಿಂಡೋಸ್‌ನ ಡ್ರೈವರ್ಸ್ ಕೋಶದಲ್ಲಿ ‘ಸಿಲೀಡ್‌ಟಚ್.ಸಿಸ್’ ಇದೆಯೇ ಎಂದು ನೋಡಿ, ಇದ್ದರೆ ಆ ಕೋಶವನ್ನೂ ಡ್ರೈವರ್‌ಸ್ಟೋರ್ ಕೋಶವನ್ನೂ ಬೇರೆ ಡಿಸ್ಕಿಗೆ ನಕಲಿಸಿಟ್ಟುಕೊಳ್ಳಿ. ನಾನು ಇದನ್ನು ಮಾಡದೆ ಅಳಿಸಿಬಿಟ್ಟಿದ್ದರಿಂದ, ನನ್ನ ಬಳಿ ಇರುವ ಇದೇ ಬಗೆಯ ಟ್ಯಾಬ್ಲೆಟ್‌ನ ಟಚ್ ಇವತ್ತಿಗೂ ಕೆಲಸ ಮಾಡುತ್ತಿಲ್ಲ.

ವಿದ್ಯುತ್ತಿನ ವಿಷಯವೂ ಇದೆ. ಚಾರ್ಜ್ ಮಾಡಲೂ ಪೆನ್‌ಡ್ರೈವ್ ಹಾಕಲೂ ಇರುವುದು ಒಂದೇ ಮೈಕ್ರೋ ಯುಎಸ್‌ಬಿ ಕಿಂಡಿಯಾದರೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡೇ ಕುಳಿತುಕೊಳ್ಳಿ. ಪೆನ್‌ಡ್ರೈವ್ ಜೊತೆಗೆ ಮೊಬೈಲನ್ನೂ ಜೋಡಿಸಲು ಸ್ವಂತ ಅಡಾಪ್ಟರ್ ಇರುವ ಹಬ್ ಬೇಕಾಗುತ್ತದೆ. ಇನ್‌ಸ್ಟಾಲರ್ ಒಳಗೆ ವೈಫೈ ಸಿಗದಿದ್ದರೆ ಮೊಬೈಲ್‌ನ ಯುಎಸ್‌ಬಿ ಟೆದರಿಂಗ್ ಸಾಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಡೆಬಿಯನ್ ಪೆನ್‌ಡ್ರೈವ್ ಹಾಕಿ ಬೂಟ್ ಮೆನು ತೆರೆದಾಗ ಎರಡನೆಯ ಸಾಲಿನಲ್ಲಿ ಅದರ ಹೆಸರು ಮೂಡಿದ್ದನ್ನು ಕಂಡು ನನಗಾದ ಸಂತೋಷವನ್ನು ಹೇಳಲಾರೆ. ಆದರೆ ಇನ್‌ಸ್ಟಾಲರ್‌ನ ಅಕ್ಷರಗಳೆಲ್ಲ ಪಕ್ಕಕ್ಕೆ ಮಲಗಿದ್ದವು. ಟ್ಯಾಬ್ಲೆಟನ್ನು ಪುಸ್ತಕದಂತೆ ಉದ್ದಕ್ಕೆ ನಿಲ್ಲಿಸಿ ಎಡಗೈಯಲ್ಲಿ ಹಿಡಿದುಕೊಂಡು, ಅಡ್ಡವಾದ ಕೀಬೋರ್ಡಿನಲ್ಲಿ ಬಲಗೈಯಿಂದ ಒಂದೊಂದೇ ಕೀಲಿ ಒತ್ತುತ್ತ ಮುಗಿಸಿದೆ. ಡ್ರೈವರ್ ಕಡತಗಳನ್ನು ಮೊದಲೇ ನಕಲಿಸಿಟ್ಟುಕೊಂಡಿದ್ದೇನೆ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿದ್ದೇನೆ. ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಐಬಸ್‌ನಲ್ಲಿ ಎಂ17ಎನ್ ಸಂಗ್ರಹದ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಕ್ಕಿತು, ತಾಯಿಗೆ ನುಡಿ ತಂತ್ರಾಂಶದಿಂದ ಅಭ್ಯಾಸವಾಗಿದ್ದ ಕೀಲಿಗಳು ಹಾಗೆಯೇ ಉಳಿದವು.

ಈಗ ಉಳಿದಿರುವ ತೊಂದರೆಗಳು ಇವು. ವೈಫೈ ಸಿಗುತ್ತದೆ, ಆದರೆ ಹತ್ತು ನಿಮಿಷಕ್ಕೊಮ್ಮೆ ಕಡಿದುಹೋಗುತ್ತದೆ. ಪರದೆ ಇನ್ನೂ ಅಡ್ಡಡ್ಡವೇ ಇದೆ. ಟಚ್ ಇಲ್ಲ. ಎಲ್ಲಕ್ಕಿಂತ ಚಿಂತೆಯದು, ದಿನಕ್ಕೆ ಒಂದೆರಡು ಸಲ ಯಂತ್ರ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ. ಗಡಿಯಾರದ ಸೆಕೆಂಡುಗಳೂ ನಿಲ್ಲುತ್ತವೆ, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯದೆ ಬೇರೆ ದಾರಿಯಿಲ್ಲ.

ಎರಡನೆಯ ಉತ್ತರ ಬರೆದವರು

ಸ್ತಬ್ಧವಾಗುವುದರಿಂದಲೇ ಆರಂಭಿಸೋಣ, ಏಕೆಂದರೆ ಅದಕ್ಕೆ ಎರಡು ಬೇರೆ ಬೇರೆ ಕಾರಣಗಳಿರಬಹುದು ಮತ್ತು ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಬ್ರೌಸರಿನಲ್ಲಿ ಹಲವು ಪುಟಗಳನ್ನು ತೆರೆದಿದ್ದಾಗ, ಮೊದಲು ನಿಧಾನವಾಗಿ, ಮೌಸ್ ಬಾಣ ತಡೆತಡೆದು ಚಲಿಸಿ, ಆಮೇಲೆ ನಿಂತರೆ ಅದು 2 ಜಿಬಿ ರ‍್ಯಾಮ್ ಸಾಲದೆ ಆದದ್ದು. ಅದಕ್ಕೆ ‘ಝಡ್‌ರ‍್ಯಾಮ್-ಟೂಲ್ಸ್’ ಹಾಕಿ ರ‍್ಯಾಮಿನೊಳಗೇ ಸಂಕುಚಿತ ಸ್ವಾಪ್ (ರ‍್ಯಾಮ್ ತುಂಬಿದಾಗ ಬಳಸುವ ಹೆಚ್ಚುವರಿ ಜಾಗ) ಮಾಡಿಕೊಳ್ಳಿ; ಇಎಂಎಂಸಿ ಸವೆಯುವುದೂ ಇದರಿಂದ ಕಡಿಮೆಯಾಗುತ್ತದೆ. ಹಾಗಲ್ಲದೆ ಯಂತ್ರ ಸುಮ್ಮನಿದ್ದಾಗ, ಯಾವ ಮುನ್ಸೂಚನೆಯೂ ಇಲ್ಲದೆ ನಿಂತರೆ ಅದು ಬೇ ಟ್ರೇಲ್‌ನ ಹಳೆಯ ಕಾಯಿಲೆ. ಪ್ರೊಸೆಸರ್ ಬಿಡುವಿನಲ್ಲಿ ಆಳವಾದ ಸಿ-ಸ್ಟೇಟ್‌ಗೆ (ವಿದ್ಯುತ್ ಉಳಿಸುವ ನಿದ್ರಾಸ್ಥಿತಿಗೆ) ಇಳಿದು ಮತ್ತೆ ಮೇಲೇಳುವುದಿಲ್ಲ. ಕರ್ನಲ್‌ನ ದೋಷಗಳನ್ನು ದಾಖಲಿಸುವ ಬಗ್‌ಜಿಲ್ಲಾ ತಾಣದಲ್ಲಿ 109051 ಸಂಖ್ಯೆಯ ದೂರು ಇದರ ಕುರಿತೇ ಇದೆ, ಅದರಲ್ಲಿ ವರ್ಷಗಟ್ಟಲೆ ಚರ್ಚೆ ನಡೆದಿದೆ.

ನೀವು ಬರೆದ ಲಕ್ಷಣ ಎರಡನೆಯದಕ್ಕೆ ಹತ್ತಿರವಿದೆ. ‘ಇಟಿಸಿ’ಯ ‘ಡಿಫಾಲ್ಟ್’ ಕೋಶದಲ್ಲಿರುವ ‘ಗ್ರಬ್’ ಕಡತದಲ್ಲಿ, ಕರ್ನಲ್ ಆದೇಶಗಳ ಸಾಲಿಗೆ ‘ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1’ ಎಂದು ಸೇರಿಸಿ, ‘ಅಪ್‌ಡೇಟ್-ಗ್ರಬ್’ ಓಡಿಸಿ, ಒಂದು ವಾರ ನೋಡಿ. ಬ್ಯಾಟರಿ ಬೇಗ ಇಳಿಯುತ್ತದೆ ಎಂಬುದು ಇದರ ಬೆಲೆ. ಹೊಸ ಕರ್ನಲ್‌ಗಳಲ್ಲಿ ಈ ತೊಂದರೆ ಸಾಕಷ್ಟು ತಗ್ಗಿದೆ, ಹಾಗಾಗಿ ಕರ್ನಲ್ ಬದಲಾದಾಗಲೆಲ್ಲ ಒಮ್ಮೆ ಆ ಪದವನ್ನು ತೆಗೆದು ಪರೀಕ್ಷಿಸಿ.

ಪರದೆಗೆ ಅದೇ ಸಾಲಿನಲ್ಲಿ ‘ಎಫ್‌ಬಿಕಾನ್=ರೊಟೇಟ್:1’ ಎಂದು ಸೇರಿಸಿದರೆ ಅಕ್ಷರಗಳಷ್ಟೇ ಇರುವ ಕನ್ಸೋಲ್ ಪರದೆ ನೆಟ್ಟಗಾಗುತ್ತದೆ, ತಲೆಕೆಳಗಾದರೆ 1ರ ಬದಲು 3 ಹಾಕಿ. ಡೆಸ್ಕ್‌ಟಾಪನ್ನು ಅದರ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ತಿರುಗಿಸಿಕೊಳ್ಳಿ. ವೈಫೈ ಚಿಪ್ ಆರ್‌ಟಿಎಲ್8723ಬಿಎಸ್ ಇರಬೇಕು. ಅದರ ಡ್ರೈವರ್ 2017ರ 4.12ನೇ ಕರ್ನಲ್‌ನಲ್ಲಿ ಇನ್ನೂ ಪಳಗದ ಡ್ರೈವರ್‌ಗಳ ಸ್ಟೇಜಿಂಗ್ ವಿಭಾಗಕ್ಕೆ ಸೇರಿತು. ಕಡಿದುಹೋಗಲು ಹೆಚ್ಚಾಗಿ ಕಾರಣ ವಿದ್ಯುತ್ ಉಳಿತಾಯದ ವ್ಯವಸ್ಥೆಯೇ ಆಗಿರುತ್ತದೆ. ‘ಮಾಡ್‌ಪ್ರೋಬ್.ಡಿ’ ಕೋಶದಲ್ಲಿ ಒಂದು ಕಡತ ಮಾಡಿ ‘ಆಪ್ಷನ್ಸ್ ಆರ್8723ಬಿಎಸ್ ಆರ್‌ಟಿಡಬ್ಲ್ಯು_ಪವರ್_ಎಂಜಿಎನ್‌ಟಿ=0’ ಎಂದು ಬರೆದು ರೀಬೂಟ್ ಮಾಡಿ.

ಪ್ರಶ್ನೆ ಕೇಳಿದವರು

ಎಂಟು ದಿನಗಳಾದವು. ಸಿ-ಸ್ಟೇಟ್ ಬದಲಾಯಿಸಿದ ಮೇಲೆ ಒಮ್ಮೆಯೂ ಸ್ತಬ್ಧವಾಗಿಲ್ಲ. ವೈಫೈ ದಿನವಿಡೀ ನಿಲ್ಲುತ್ತಿದೆ, ಪರದೆ ನೆಟ್ಟಗಾಗಿದೆ. ಟಚ್ ಮಾತ್ರ ಇಲ್ಲ. ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ಸಿಲೀಡ್ ಡ್ರೈವರ್ ‘ಎಂಎಸ್‌ಎಸ್‌ಎಲ್1680.ಎಫ್‌ಡಬ್ಲ್ಯು’ ಎಂಬ ಕಡತವನ್ನು ಹುಡುಕಿ, ಸಿಗದೆ ಕೈಬಿಟ್ಟಿದ್ದು ಕಾಣುತ್ತದೆ.

ಮೂರನೆಯ ಉತ್ತರ ಬರೆದವರು

ಅದು ಸಾಮಾನ್ಯ ಹೆಸರು. ಕರ್ನಲ್ ನಿಮ್ಮ ಮಾದರಿಯನ್ನು ಗುರುತಿಸಿಲ್ಲ ಎಂದು ಅದರ ಅರ್ಥ. ಕರ್ನಲ್‌ನ ‘ಟಚ್‌ಸ್ಕ್ರೀನ್_ಡಿಎಂಐ’ ಎಂಬ ಕಡತದಲ್ಲಿ ಒಂದೊಂದು ಮಾದರಿಗೂ ಪರದೆಯ ಅಳತೆ, ಅಕ್ಷಗಳ ದಿಕ್ಕು ಮತ್ತು ಫರ್ಮ್‌ವೇರಿನ ಹೆಸರನ್ನು ಬರೆದಿಟ್ಟಿದ್ದಾರೆ. ರೆಡ್ ಹ್ಯಾಟ್ ಎಂಬ ಲಿನಕ್ಸ್ ಕಂಪನಿಯಲ್ಲಿ ಹಾನ್ಸ್ ಡಿ ಗೂಡೆ ಅವರು ವರ್ಷಗಳ ಕಾಲ ಇಂಥ ಟ್ಯಾಬ್ಲೆಟ್‌ಗಳಿಗಾಗಿ ಶ್ರದ್ಧೆಯಿಂದ ಮಾಡಿದ ಕೆಲಸದ ಫಲ ಅದು. ನಿಮ್ಮದು ಆ ಪಟ್ಟಿಗೆ ಸೇರಬೇಕು. ನೀವು ಉಳಿಸಿಟ್ಟ ಡ್ರೈವರ್ ಕಡತದಿಂದ ಫರ್ಮ್‌ವೇರನ್ನು ಬೇರ್ಪಡಿಸುವ ಉಪಕರಣ ಗಿಟ್‌ಹಬ್‌ನ ‘ಜಿಎಸ್‌ಎಲ್-ಫರ್ಮ್‌ವೇರ್’ ಭಂಡಾರದಲ್ಲಿದೆ. ಅದನ್ನು ಓಡಿಸಿ, ಬಂದ ಕಡತವನ್ನು ಮೇಲಿನ ಹೆಸರಿನಲ್ಲಿಯೇ ಫರ್ಮ್‌ವೇರ್ ಕೋಶದೊಳಗಿನ ‘ಸಿಲೀಡ್’ ಎಂಬಲ್ಲಿ ಇಟ್ಟು ರೀಬೂಟ್ ಮಾಡಿ. ಬೆರಳಿಟ್ಟ ಕಡೆ ಬಾಣ ಬಾರದೆ ಬೇರೆಲ್ಲೋ ಹೋದರೂ ಗಾಬರಿಯಾಗಬೇಡಿ, ಫರ್ಮ್‌ವೇರ್ ಕೆಲಸ ಮಾಡುತ್ತಿದೆ ಎಂದು ಅದರಿಂದ ತಿಳಿಯುತ್ತದೆ. ನಾಲ್ಕೂ ಮೂಲೆಗಳನ್ನು ಮುಟ್ಟಿದಾಗ ‘ಎವ್‌ಟೆಸ್ಟ್’ ಆದೇಶ ತೋರಿಸುವ ಸಂಖ್ಯೆಗಳನ್ನೂ ‘ಡಿಎಂಐಡಿಕೋಡ್’ ಆದೇಶ ಕೊಡುವ ತಯಾರಕ ಮತ್ತು ಮಾದರಿಯ ಸಾಲುಗಳನ್ನೂ ಇಲ್ಲಿ ಹಾಕಿ; ಸೀರಿಯಲ್ ಸಂಖ್ಯೆಯನ್ನು ಮಾತ್ರ ಅಳಿಸಿ. ನಿಮ್ಮ ಮಾದರಿಯನ್ನು ಪಟ್ಟಿಗೆ ಸೇರಿಸುವ ಪ್ಯಾಚನ್ನು (ತಿದ್ದುಪಡಿಯನ್ನು) ನಾನು ಬರೆದುಕೊಡುತ್ತೇನೆ, ನಿಮ್ಮ ಯಂತ್ರದಲ್ಲಿ ಪರೀಕ್ಷಿಸಿದ ಮೇಲೆ ಕರ್ನಲ್ ತಂಡಕ್ಕೆ ಕಳುಹಿಸೋಣ.