ಸಹಾಯ ಬೇಕು: ಡೆಂಟಲ್ ಹೈಜೀನಿಸ್ಟ್ ಆಗಬೇಕು, ಎಲ್ಲಿಂದ ಶುರು ಮಾಡಲಿ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ಮೂರು ವರ್ಷದಿಂದ ಅಸಿಸ್ಟೆಂಟ್ ಆಗಿದ್ದೇನೆ. ಪಿಯುಸಿ ಸೈನ್ಸ್, ಬಯಾಲಜಿ ಇತ್ತು. ಟ್ರೇ ಜೋಡಿಸುವುದು, ಆಟೋಕ್ಲೇವ್ (ಉಪಕರಣಗಳನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡುವ ಯಂತ್ರ) ಹಾಕುವುದು, ಡಾಕ್ಟರ್ ಸ್ಕೇಲಿಂಗ್ (ಹಲ್ಲಿಗೆ ಗಟ್ಟಿಯಾಗಿ ಅಂಟಿದ ಕೊಳೆ ತೆಗೆಯುವುದು) ಮಾಡುವಾಗ ಬಾಯಿಂದ ನೀರೆಳೆಯುವ ಪೈಪ್ ಹಿಡಿಯುವುದು, ಇದೇ ನನ್ನ ಕೆಲಸ. ಗುಟ್ಕಾ ಕಲೆ ಗಟ್ಟಿಯಾಗಿ ಕೂತಿದ್ದ ಹಲ್ಲು ಅರ್ಧ ಗಂಟೆಯಲ್ಲಿ ಬೆಳ್ಳಗಾಗುವುದನ್ನು ನೋಡಿದರೆ ನನಗೇ ಮಾಡಬೇಕು ಅನ್ನಿಸುತ್ತದೆ. ಆದರೆ ಓದದೆ, ನೋಂದಣಿ ಇಲ್ಲದೆ ಸ್ಕೇಲರ್ (ಆ ಕೊಳೆ ತೆಗೆಯುವ ಉಪಕರಣ) ಮುಟ್ಟುವ ಹಾಗಿಲ್ಲ. ಅದು ಸರಿಯೇ ಬಿಡಿ.

1948ರ ದಂತವೈದ್ಯರ ಕಾಯ್ದೆಯಲ್ಲೇ ಹೈಜೀನಿಸ್ಟ್ ಅಂದರೆ ಯಾರು ಅಂತ ಹೇಳಿದ್ದಾರೆ: ಹಲ್ಲು ಕ್ಲೀನ್ ಮಾಡಿ ಪಾಲಿಶ್ ಮಾಡುವವರು, ಹಲ್ಲು ನೋಡಿಕೊಳ್ಳುವುದನ್ನು ಹೇಳಿಕೊಡುವವರು. ಕೋರ್ಸ್ 2 ವರ್ಷ, ಆಮೇಲೆ ರಾಜ್ಯ ಡೆಂಟಲ್ ಕೌನ್ಸಿಲ್‌ನಲ್ಲಿ ನೋಂದಣಿ. ಹೋದ ತಿಂಗಳು ಒಂದು ಸಂಸ್ಥೆಯವರು ಫೋನ್ ಮಾಡಿ "ಆರೇ ತಿಂಗಳು ಮೇಡಂ, ಸರ್ಟಿಫಿಕೇಟ್ ಗ್ಯಾರಂಟಿ" ಅಂದರು. ನೋಂದಣಿ ಆಗುತ್ತಾ ಅಂತ ಕೇಳಿದರೆ ಮಾತು ಬದಲಿಸಿದರು. ಸುಮ್ನೆ ಕಟ್ ಮಾಡಿದೆ.

ಓದಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಈಗ ನಮ್ಮ ರಾಜ್ಯದಲ್ಲಿ ಈ ಡಿಪ್ಲೊಮಾ ನಿಜವಾಗಿ ಯಾವ ಕಾಲೇಜಿನಲ್ಲಿ ನಡೆಯುತ್ತಿದೆ? ಫೀಸು, ಹಾಸ್ಟೆಲ್ ಸೇರಿ ನಿಮಗೆ ಎಷ್ಟಾಯಿತು? ಇನ್ನೊಂದು ಚಿಂತೆ ಜಾಸ್ತಿ ಕಾಡುತ್ತಿದೆ. ನಮ್ಮ ಕಡೆ ಸಣ್ಣ ಕ್ಲಿನಿಕ್‌ಗಳಲ್ಲಿ ಸ್ಕೇಲಿಂಗ್ ಡಾಕ್ಟರೇ ಮಾಡುತ್ತಾರೆ ಅಲ್ವಾ, ಹಾಗಾದರೆ ಹೈಜೀನಿಸ್ಟ್‌ಗೆ ಕೆಲಸ ಕೊಡುವವರು ಯಾರು? ಬೆಂಗಳೂರಿಗೇ ಬರಬೇಕಾ? ಅಮ್ಮನನ್ನು ಒಬ್ಬರೇ ಬಿಟ್ಟು ಬರಬೇಕು, ಅದಕ್ಕೇ ಮೊದಲೇ ಕೇಳುತ್ತಿದ್ದೇನೆ.