ಕೆಂಪು ರಕ್ತಕಣದ ಪೊರೆ ಹೊದಿಸಿದ ಔಷಧ ಈಗ ರೋಗಿಗಳಿಗೆ ಸಿಗುತ್ತದೆಯೇ?

ಪ್ರಶ್ನೆ, ಡೊಂಬಿವಲಿಯಿಂದ

ನಮಸ್ಕಾರ. ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿದ್ದು, ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಡಾಕ್ಸೊರುಬಿಸಿನ್ ಕೊಡುತ್ತಿದ್ದಾರೆ. ಈ ಔಷಧಿ ಹೃದಯಕ್ಕೆ ತೊಂದರೆ ಮಾಡಬಹುದೆಂದು ನಡುನಡುವೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾರೆ. ಆ ಕೆಂಪು ದ್ರವ ನಳಿಕೆಯಲ್ಲಿ ಇಳಿಯುವುದನ್ನು ನೋಡುತ್ತ ಪಕ್ಕದಲ್ಲಿ ಕುಳಿತಾಗಲೆಲ್ಲ, ಇದು ಗಡ್ಡೆಯೊಂದಕ್ಕೇ ಹೋಗಿ ಸೇರುವಂತಿದ್ದರೆ ಎಂದು ಮನಸ್ಸು ಹಂಬಲಿಸುತ್ತದೆ. ಪುಣೆಯಲ್ಲಿ ಓದುತ್ತಿರುವ ಅಕ್ಕನ ಮಗ, ರಕ್ತಕಣದ ಪೊರೆಯನ್ನು ಔಷಧಿಗೆ ಹೊದಿಸಿ ಕಳಿಸುವ ವಿಧಾನವೊಂದಿದೆ ಎಂದು ಹೇಳಿದ. ಅದು ಹೇಗೆ ಕೆಲಸ ಮಾಡುತ್ತದೆ, ಅಕ್ಕನಿಗೆ ದೊರೆಯಬಹುದೇ, ತಿಳಿದವರು ದಯವಿಟ್ಟು ಹೇಳಿ.

ಉತ್ತರ, ಪುಣೆಯಿಂದ

ನಿಮ್ಮ ಅಕ್ಕನವರ ಮಗ ಹೇಳಿದ್ದು ನಿಜ. ಆದರೆ ಆ ಔಷಧ ಇನ್ನೂ ಪ್ರಯೋಗಾಲಯ ದಾಟಿ ಕ್ಯಾನ್ಸರ್ ವಾರ್ಡಿಗೆ ಬಂದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಔಷಧ ತುಂಬಿದ ನ್ಯಾನೊಕಣವೊಂದನ್ನು ಹಾಗೆಯೇ ರಕ್ತಕ್ಕೆ ಬಿಟ್ಟರೆ, ರಕ್ತದ ಪ್ರೋಟೀನುಗಳು ಅದಕ್ಕೆ ಮೆತ್ತಿಕೊಳ್ಳುತ್ತವೆ, ಯಕೃತ್ತು ಮತ್ತು ಗುಲ್ಮದಲ್ಲಿರುವ ಭಕ್ಷಕಕೋಶಗಳು ಅದನ್ನು ಪರಕೀಯವೆಂದು ಗುರುತಿಸಿ ನುಂಗಿಹಾಕುತ್ತವೆ. ಕೆಂಪು ರಕ್ತಕಣವಾದರೋ ಇದೇ ಭಕ್ಷಕಕೋಶಗಳ ನಡುವೆ ಸುಮಾರು 120 ದಿನ ಓಡಾಡಿಕೊಂಡಿರುತ್ತದೆ. ಅದರ ಪೊರೆಯ ಮೇಲಿರುವ ಸಿಡಿ47 ಎಂಬ ಪ್ರೋಟೀನು, ‘ನಾನು ನಿಮ್ಮವನೇ, ನುಂಗಬೇಡಿ’ ಎಂಬ ಸಂಕೇತ ಕೊಡುವುದು ಇದಕ್ಕೆ ಒಂದು ಮುಖ್ಯ ಕಾರಣ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯ ಲಿಯಾಂಗ್‌ಫಾಂಗ್ ಝಾಂಗ್ ಅವರ ತಂಡ, ಕರಗುವ ಹೊಲಿಗೆ ದಾರಕ್ಕೆ ಬಳಸುವಂಥದ್ದೇ ಪಾಲಿಮರಿನ ಕಣಕ್ಕೆ ಈ ಪೊರೆ ಹೊದಿಸಿ ಇಲಿಗಳಿಗೆ ಕೊಟ್ಟಿತು. ರಕ್ತದಲ್ಲಿ ಅದರ ಅರ್ಧಾಯುಷ್ಯ, ಅಂದರೆ ಪ್ರಮಾಣ ಅರ್ಧಕ್ಕಿಳಿಯಲು ಹಿಡಿಯುವ ಸಮಯ, 39.6 ಗಂಟೆಯಾಯಿತು; ಇದೇ ಉದ್ದೇಶಕ್ಕೆ ಬಳಸುವ ಪಿಇಜಿ ಎಂಬ ಕೃತಕ ಪಾಲಿಮರ್ ಲೇಪಿಸಿದ ಕಣಕ್ಕೆ 15.8 ಗಂಟೆಯಷ್ಟೇ ಇತ್ತು.

ಪೊರೆ ಬಿಡಿಸುವ ಕೆಲಸ ಕಣ್ಣಿಗೆ ಕಾಣುವಂಥದ್ದು. ಉಪ್ಪು ಕಡಿಮೆಯಾದ ದ್ರಾವಣಕ್ಕೆ ಹಾಕಿದಾಗ ರಕ್ತಕಣಗಳು ಉಬ್ಬಿ ಒಳಗಿನ ಹಿಮೋಗ್ಲೋಬಿನ್ ಹೊರಗೆ ಬರುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ಮತ್ತೆ ಮತ್ತೆ ತಿರುಗಿಸಿ ತೊಳೆದಂತೆ ಕೆಂಪು ನೀರು ಗುಲಾಬಿಯಾಗುತ್ತದೆ, ಕೊನೆಗೆ ತಳದಲ್ಲಿ ಬಿಳಿಚಿದ ಒಂದು ತೆಳು ಪದರ ಮಾತ್ರ ಉಳಿಯುತ್ತದೆ. ಟ್ಯೂಬು ಸ್ವಲ್ಪ ವಾಲಿದರೂ ಅದು ಜಾರಿಹೋಗುತ್ತದೆ. ಅದನ್ನು ಕಣಗಳ ಜೊತೆ 100 ನ್ಯಾನೊಮೀಟರಿನಷ್ಟು ಸಣ್ಣ ರಂಧ್ರಗಳ ಮೂಲಕ ಹಾಯಿಸಿದರೆ ಪೊರೆ ಕಣವನ್ನು ಸುತ್ತಿಕೊಳ್ಳುತ್ತದೆ.

ಆದರೆ ಈ ಹೊದಿಕೆ ಆಯುಷ್ಯ ಕೊಡುತ್ತದೆ, ವಿಳಾಸ ಕೊಡುವುದಿಲ್ಲ. ವಿಳಾಸ ಬೇಕೆಂದರೆ ಗಾಯಗೊಂಡ ರಕ್ತನಾಳಕ್ಕೆ ಅಂಟುವ ಪ್ಲೇಟ್‌ಲೆಟ್‌ನ ಪೊರೆಯನ್ನೋ, ತನ್ನಂಥ ಕೋಶಗಳನ್ನೇ ಹುಡುಕಿ ಸೇರುವ ಕ್ಯಾನ್ಸರ್ ಕೋಶದ ಪೊರೆಯನ್ನೋ ಬಳಸಬೇಕು. ಎರಡನ್ನೂ ಪ್ರಾಣಿಗಳ ಮೇಲೆ ಪ್ರಯೋಗಿಸಿದ್ದಾರೆ.

ಉತ್ತರ, ಮಾಟುಂಗಾದಿಂದ

ನಾನು ಬ್ಲಡ್ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಎ ಮತ್ತು ಬಿ ಗುಂಪಿನ ಗುರುತುಗಳು ಇರುವುದೇ ಆ ಪೊರೆಯ ಮೇಲೆ. ಆದ್ದರಿಂದ ದಾನಿಯ ರಕ್ತದಿಂದ ಮಾಡಿದ ಔಷಧಕ್ಕೂ ಗುಂಪು ಹೊಂದಿಸಬೇಕಾಗುತ್ತದೆ, ಸೋಂಕುಗಳ ಪರೀಕ್ಷೆಯನ್ನೂ ಮಾಡಬೇಕಾಗುತ್ತದೆ. ಅಲ್ಲದೆ ಶೈತ್ಯದಲ್ಲಿಟ್ಟ ಬಾಟಲಿಯಲ್ಲಿ ದಿನ ಕಳೆದಂತೆ ರಕ್ತಕಣಗಳು ಪೊರೆಯ ಚೂರುಗಳನ್ನು ಉದುರಿಸುತ್ತ ಗಡುಸಾಗುತ್ತವೆ. ಒಬ್ಬ ದಾನಿಯ ರಕ್ತದಂತೆ ಇನ್ನೊಬ್ಬರದಿರುವುದಿಲ್ಲ, ಔಷಧ ಕಾರ್ಖಾನೆಗೋ ಪ್ರತಿ ಬ್ಯಾಚೂ ಒಂದೇ ತೆರನಾಗಿರಬೇಕು. ದೊಡ್ಡ ತೊಡಕು ಇಲ್ಲಿಯೇ ಇದೆಯೆಂದು ನನ್ನ ಅನಿಸಿಕೆ.

ಮರುಪ್ರಶ್ನೆ, ಡೊಂಬಿವಲಿಯಿಂದ

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಈಗ ವೈದ್ಯರಲ್ಲಿ ಏನು ಕೇಳಲಿ? ಐಐಟಿ ಬಾಂಬೆಯಲ್ಲಿ ಆದ ಚಿಕಿತ್ಸೆಯೂ ಇದೇ ಏನು?

ಉತ್ತರ, ಪುಣೆಯಿಂದ

ಅದು ಬೇರೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿ, 2023ರಲ್ಲಿ ಅನುಮತಿ ಪಡೆದ ನೆಕ್ಸ್‌ಕಾರ್19ರಲ್ಲಿ ರೋಗಿಯದೇ ಜೀವಂತ ಟಿ-ಕೋಶಗಳನ್ನು (ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನು) ಮಾರ್ಪಡಿಸಿ ಕೊಡುತ್ತಾರೆ, ಅದೂ ಕೆಲವು ಬಗೆಯ ರಕ್ತ ಕ್ಯಾನ್ಸರುಗಳಿಗೆ.

ಆದರೆ ರಕ್ತಕಣದ ಪೊರೆಯ ಬದಲು ಕೃತಕ ಕೊಬ್ಬಿನ ಪೊರೆಯೊಳಗಿಟ್ಟ ಡಾಕ್ಸೊರುಬಿಸಿನ್ ಈಗಾಗಲೇ ಇದೆ. ಅಮೆರಿಕದಲ್ಲಿ ಅದಕ್ಕೆ 1995ರಲ್ಲೇ ಅನುಮತಿ ಸಿಕ್ಕಿತು, ನಮ್ಮಲ್ಲೂ ದೊರೆಯುತ್ತದೆ. ಹೃದಯಕ್ಕೆ ಆಗುವ ಹಾನಿ ಕಡಿಮೆ, ಆದರೆ ಅಂಗೈ ಅಂಗಾಲುಗಳ ಚರ್ಮ ಕೆಂಪಾಗಿ ಸುಲಿಯಬಹುದು, ಎಲ್ಲ ಹಂತದ ರೋಗಕ್ಕೂ ಅದು ಹಳೆಯದರ ಬದಲಿಯಲ್ಲ. ಹೃದಯದ ಅಪಾಯ ಏರುವುದು ಒಟ್ಟು ಪ್ರಮಾಣದೊಂದಿಗೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಸಾಮಾನ್ಯವಾಗಿ 450ರಿಂದ 550 ಮಿಲಿಗ್ರಾಂ ಜೀವಮಾನದ ಮಿತಿಯೆಂದು ಇಟ್ಟುಕೊಳ್ಳುತ್ತಾರೆ. ಇದುವರೆಗೆ ಒಟ್ಟು ಎಷ್ಟಾಗಿದೆ, ಇನ್ನೆಷ್ಟು ಸುತ್ತು ಉಳಿದಿದೆ ಎಂಬುದನ್ನು ಮುಂದಿನ ಭೇಟಿಯಲ್ಲಿ ಕೇಳಿ, ಎಕೋ ವರದಿಗಳ ಜೊತೆಯಲ್ಲೇ ಬರೆದಿಟ್ಟುಕೊಳ್ಳಿ.