ಕಡಲೆಗೆ ಎಣ್ಣೆ (ಕೀಟನಾಶಕ) ಹೊಡೆಯೋದಾ, ಬೇಡ್ವಾ? ಆಳಂದದ ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ಮಲ್ಲು: (ಫಾರ್ವರ್ಡ್ ವಿಡಿಯೊ) "ಹುಳು ಬಿದ್ದರೆ ಗಿಡವೇ ಕೊಲ್ಲುತ್ತದೆ. ಎಣ್ಣೆ ಹೊಡೆಯಲೇಬೇಡಿ!" ಕಾಕಾ, ನೋಡಿ ಇದನ್ನ.

ಶರಣಪ್ಪ ಕಾಕಾ: ಸುಳ್ಳು. ಹಸಿರು ಹುಳು ಕಾಯಿಗೆ ತೂತು ಹಾಕಿ, ತಲೆ ಒಳಗಿಟ್ಟು, ಮೈ ಹೊರಗೆ ಬಿಟ್ಟು ಕಾಳು ತಿಂತದ. ನಮ್ಮ ಕಡಲೆ ಗಿಡ ಯಾವ ಹುಳು ಕೊಂದಿದೆ? ನಾಳೆನೇ ಎಣ್ಣೆ ಹೊಡೆಸ್ತೀನಿ.

ಭಾಗ್ಯಕ್ಕ: ಕಾಕಾ, ತಡೀರಿ. ಪೂರಾ ಸುಳ್ಳಲ್ಲ. ಅಜ್ಜಿ ಕಡಲೆ ಗಿಡದ ಮೇಲೆ ಬಟ್ಟೆ ಹಾಸಿ, ಇಬ್ಬನಿ ಜೊತೆ ಹಿಂಡಿ ಹುಳಿ ತೆಗೆಯುತ್ತಿದ್ದರಲ್ವಾ? ಎಲೆ ಮೇಲಿನ ಸಣ್ಣ ಕೂದಲಿಂದ ಬರುವ ಹುಳಿ ಅದು. ಅದರಲ್ಲಿ ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಇರುತ್ತವೆ. ಆಕ್ಸಾಲಿಕ್ ಆಮ್ಲ ಹೊಟ್ಟೆಗೆ ಹೋದರೆ ಹುಳು ಸರಿಯಾಗಿ ಬೆಳೆಯುವುದಿಲ್ಲ.

ಶರಣಪ್ಪ ಕಾಕಾ: ಹಂಗಾದ್ರೆ ಕಾಯಿ ಯಾಕೆ ತೂತಾಗ್ತಾವ?

ಭಾಗ್ಯಕ್ಕ: ಹುಳುವಿನ ಬೆಳವಣಿಗೆ ಕುಂಟುತ್ತದೆ, ಅಷ್ಟೇ. ಎಲ್ಲ ಹುಳು ಸಾಯುವುದಿಲ್ಲ. ತೊಗರಿ, ಹತ್ತಿ, ಟೊಮೆಟೊ ಎಲ್ಲದರಲ್ಲೂ ಬದುಕುವ ಹುಳು ಇದು. ಮಳೆ ಬಂದರೆ ಹುಳಿಯೂ ತೊಳೆದು ಹೋಗುತ್ತದೆ. ಇದನ್ನೆಲ್ಲ ಮುಚ್ಚಿಟ್ಟು "ಎಣ್ಣೆ ಬೇಡ" ಅನ್ನೋದು ರೈತನಿಗೆ ಮಾಡುವ ಮೋಸ.

ಮಲ್ಲು: ಅಕ್ಕಾ, ಗಿಡ ವಾಸನೆ ಬಿಟ್ಟು ಹುಳು ಕೊಲ್ಲುವ ಕಣಜ ಕರೆಯುತ್ತದಂತಲ್ಲ?

ಭಾಗ್ಯಕ್ಕ: ಅದು ನಿಜ. ಹುಳು ಎಲೆ ಕಡಿದಾಗ, ಅದರ ಜೊಲ್ಲು ತಾಗಿ ಗಿಡದ ವಾಸನೆ ಬದಲಾಗುತ್ತದೆ. ಮೆಕ್ಕೆಜೋಳದಲ್ಲಿ 1990ರಲ್ಲೇ ಇದನ್ನು ತೋರಿಸಿದ್ದಾರೆ. ಕಡಲೆ ಹೊಲಕ್ಕೆ ಕ್ಯಾಂಪೊಲೆಟಿಸ್ ಅನ್ನೋ ಸಣ್ಣ ಕಣಜ ಬರುತ್ತದೆ. ಎಳೇ ಹುಳುವಿನೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿಂದ ತಿಂದು ಹೊರಬಂದು, ಸತ್ತ ಹುಳುವಿನ ಪಕ್ಕದಲ್ಲೇ ಗೂಡು ಕಟ್ಟುತ್ತದೆ. ಕಾಕಾ, ಮೊನ್ನೆ ನೀವು ಎಲೆ ಮೇಲೆ ಕಂಡ ಗೂಡು ಅದೇ ಇರಬಹುದು.

ಮಲ್ಲು: ಟ್ರೈಕೋಗ್ರಾಮಾ ಕಣಜ ಹೊರಬರುವ ಕಾರ್ಡ್ ಕಟ್ಟೋಣ?

ಭಾಗ್ಯಕ್ಕ: ಕಡಲೆಗೆ ಬೇಡ. ಅದು ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಕಣಜ. ಈ ಹುಳಿಯಲ್ಲಿ, ಕೂದಲಲ್ಲಿ ಅದಕ್ಕೇ ಓಡಾಡಲು ಆಗುವುದಿಲ್ಲ. ಸುಮ್ನೆ ದುಡ್ಡು ದಂಡ.

ಶರಣಪ್ಪ ಕಾಕಾ: ಪಕ್ಕದ ಹೊಲದವರು ಹೊಡೆದಾರ. ನಾನು ಕೈ ಕಟ್ಟಿ ಕೂತರೆ ಬೆಳೆ ಯಾರು ಕೊಡ್ತಾರ?

ಭಾಗ್ಯಕ್ಕ: ಹೊಡೆಯಬೇಡಿ ಅಂತ ನಾನೆಲ್ಲಿ ಅಂದೆ? ಮೊದಲು ಸಾಲು ಹಿಡಿದು ಗಿಡ ಅಲುಗಾಡಿಸಿ, ಬಟ್ಟೆ ಮೇಲೆ ಬಿದ್ದ ಹುಳು ಎಣಿಸಿ. ಎಳೇ ಹುಳು ಜಾಸ್ತಿ ಇದ್ದರೆ ಹೊಡೆಯಿರಿ. ಕಾಯಿಯೊಳಗೆ ಹೊಕ್ಕ ದೊಡ್ಡ ಹುಳುವಿಗೆ ಎಣ್ಣೆ ತಾಗುವುದು ಕಷ್ಟ. ಹೊರಗಿನ ಕಣಜ ಮಾತ್ರ ಸಾಯುತ್ತದೆ.

ಶರಣಪ್ಪ ಕಾಕಾ: ಮಲ್ಲು, ನಾಳೆ ಆರು ಗಂಟೆಗೆ ಹಳೇ ಧೋತ್ರ ತಗೊಂಡು ಹೊಲಕ್ಕೆ ಬಾ. ಎಣಿಸಿ ನೋಡಿ, ಆಮೇಲೆ ಪಂಪು ತುಂಬೋಣ.